ಐವತ್ತರಲ್ಲಿ ಮೂವತ್ತೆರಡು ಕಳೆದರೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ವಿಷಯ ನೀನೇ ಆರಿಸಿಕೋ ಎಂದರು. ನಾನು ಊರಿಗೆ ಬಂದಾಗಲೆಲ್ಲ "ಕಂಪ್ಯೂಟರ್ ಕೆಲ್ಸ ಅಂತೀಯ, ಅಂದ್ರೆ ದಿನಾ ಕೂತ್ಕೊಂಡು ಏನ್ ಮಾಡ್ತೀಯಪ್ಪ?" ಎಂದು ಕೇಳುವವರು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಪ್ರತಿ ಸಲವೂ ಏನೋ ಒಂದು ಹೇಳಿ ತಪ್ಪಿಸಿಕೊಂಡಿದ್ದೇನೆ. ಇವತ್ತು ಉತ್ತರ ಕೊಡುತ್ತೇನೆ. ಆದರೆ ಅದನ್ನು ಬೆಂಗಳೂರಿನಿಂದ ಶುರು ಮಾಡಲು ಬರುವುದಿಲ್ಲ, ಈ ಶಾಲೆಯ ಮೂಲೆ ಕೊಠಡಿಯಿಂದಲೇ ಶುರು ಮಾಡಬೇಕು. ಅಲ್ಲಿ ಹಳದಿಗಟ್ಟಿದ ಒಂದು ಕಂಪ್ಯೂಟರ್ ಇಟ್ಟಿದ್ದೇವೆ. ನಿನ್ನೆಯಿಂದ ಬಹಳ ಜನ ಇಣುಕಿ ನೋಡಿ "ಇದೇನು ಗುಜರಿ" ಎಂದು ಹೋಗಿದ್ದಾರೆ.

2002ರಲ್ಲಿ ನಾನು ಒಂಬತ್ತನೇ ತರಗತಿ. ಆ ವರ್ಷ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಆಫೀಸಿನಲ್ಲಿ ಬೇಡವಾಗಿದ್ದ ಒಂದು 486 ಕಂಪ್ಯೂಟರನ್ನು ಶಾಲೆಗೆ ಕೊಡಿಸಿದರು. ಅದು ಆಗಲೇ ಹಳೆಯದು. ನಮಗೆ ಮಾತ್ರ ದೇವರು ಬಂದ ಹಾಗಾಯಿತು. ಅದಕ್ಕೊಂದು ಬಟ್ಟೆಯ ಹೊದಿಕೆ, ಕೊಠಡಿಗೆ ಬೀಗ, ಚಪ್ಪಲಿ ಹೊರಗೆ. ಬೀಗದ ಕೈ ವಿಜ್ಞಾನದ ಮೇಷ್ಟ್ರ ಹತ್ತಿರ. ಹೆಸರು ಹೇಳಬಾರದೆಂದು ಬೆಳಿಗ್ಗೆಯೇ ಆಜ್ಞೆಯಾಗಿದೆ, ಎದುರಿಗೇ ಕೂತಿದ್ದಾರೆ, ಆದ್ದರಿಂದ ಹೇಳುವುದಿಲ್ಲ. ಅವರು ಮಾಡಿದ ಒಂದು ಕೆಲಸವೆಂದರೆ, ಒಂದು ಶನಿವಾರ ಆ ಪೆಟ್ಟಿಗೆಯ ಮುಚ್ಚಳ ಬಿಚ್ಚಿ ನಮ್ಮ ಮುಂದೆ ಇಟ್ಟದ್ದು. "ನೋಡ್ರೋ, ಒಳಗೆ ಭೂತ ಇಲ್ಲ, ತಂತಿ ಇದೆ" ಎಂದರು.

ಒಳಗೆ ಅಂಗೈಗಿಂತ ಸ್ವಲ್ಪ ಉದ್ದದ ಒಂದು ಹಲಗೆ ಸಿಕ್ಕಿಸಿತ್ತು. ಅದು ಸೌಂಡ್ ಕಾರ್ಡ್. ಹೆಸರು ಸೌಂಡ್ ಬ್ಲಾಸ್ಟರ್ 2.0.

ಈಗ ಕಂಪ್ಯೂಟರಿನಲ್ಲಿ ಹಾಡು ಬರುವುದು ಯಾರಿಗೂ ಆಶ್ಚರ್ಯವಲ್ಲ. ಐಬಿಎಂ ಮಾದರಿಯ ಪಿಸಿಗಳು ಬಂದ ಹೊಸತರಲ್ಲಿ ಹಾಗಿರಲಿಲ್ಲ, ಒಂದು ಪುಟ್ಟ ಸ್ಪೀಕರ್ ಕೀಂ ಎನ್ನುತ್ತಿತ್ತು, ಅಷ್ಟೇ. 1987ರಲ್ಲಿ ಕೆನಡಾದ ಕ್ವಿಬೆಕ್ ನಗರದಲ್ಲಿ ಮಾರ್ಟಿನ್ ಪ್ರೆವೆಲ್ ಎಂಬುವರ ಆಡ್‌ಲಿಬ್ ಎಂಬ ಕಂಪನಿ ಸಂಗೀತಕ್ಕಾಗಿ ಒಂದು ಕಾರ್ಡ್ ಮಾಡಿತು. ಅವರು ಎಂಜಿನಿಯರ್ ಅಲ್ಲ, ವಿಶ್ವವಿದ್ಯಾಲಯದಲ್ಲಿ ಸಂಗೀತ ಕಲಿಸುತ್ತಿದ್ದ ಮೇಷ್ಟ್ರು. ಆ ಕಾರ್ಡಿನ ಜೀವಾಳ ಜಪಾನಿನ ಯಮಹಾ ಕಂಪನಿಯ ಒಂದು ಚಿಪ್, ವೈಎಂ 3812. ಆಟಗಳನ್ನು ಬರೆಯುವವರೆಲ್ಲ ಈ ಕಾರ್ಡಿಗೆ ಸಂಗೀತ ಬರೆಯತೊಡಗಿದರು. 1989ರಲ್ಲಿ ಸಿಂಗಪುರದ ಸಿಮ್ ವಾಂಗ್ ಹೂ ಅವರ ಕ್ರಿಯೇಟಿವ್ ಕಂಪನಿ ಸೌಂಡ್ ಬ್ಲಾಸ್ಟರ್ ತಂದಿತು. ಅದೇ ಯಮಹಾ ಚಿಪ್, ಅದೇ ವಿಳಾಸ, ಜೊತೆಗೆ ಮನುಷ್ಯರ ದನಿಯನ್ನು ರೆಕಾರ್ಡ್ ಮಾಡಿ ನುಡಿಸುವ ಭಾಗವೂ ಸೇರಿತ್ತು. ಚಿಪ್ ಯಮಹಾದ್ದು, ಯಾರು ಬೇಕಾದರೂ ಕೊಳ್ಳಬಹುದಿತ್ತು. ಆಡ್‌ಲಿಬ್ 1992ರಲ್ಲಿ ದಿವಾಳಿಯಾಯಿತು. ಆದರೆ ಅದು ಆರಿಸಿದ ವಿಳಾಸ ಮಾತ್ರ ಉಳಿಯಿತು.

ವಿಳಾಸ ಅಂದೆನಲ್ಲ, ಅದೇ ನನ್ನ ಮಾತಿನ ಮುಖ್ಯ ಭಾಗ. ಆ ಕಾಲದ ಡಾಸ್ ಕಂಪ್ಯೂಟರಿನಲ್ಲಿ ಪ್ರತಿ ಸಾಧನಕ್ಕೂ ಮನೆ ನಂಬರಿನಂಥ ಒಂದು ಸಂಖ್ಯೆ. ಅದಕ್ಕೆ ಪೋರ್ಟ್ ಎನ್ನುತ್ತಾರೆ. ಸಂಗೀತದ ಚಿಪ್ಪಿನ ಮನೆ 388. ಅದು 16ರ ಎಣಿಕೆಯಲ್ಲಿ ಬರೆದದ್ದು, ನಮ್ಮ ಎಣಿಕೆಯಲ್ಲಿ 904. ಪಕ್ಕದ್ದು 905. ಯಾವ ಪ್ರೋಗ್ರಾಂ ಬೇಕಾದರೂ ನೇರವಾಗಿ ಹೋಗಿ ಆ ಬಾಗಿಲಿಗೆ ಒಂದು ಸಂಖ್ಯೆ ಕೊಟ್ಟು ಬರಬಹುದಿತ್ತು, ಮಧ್ಯೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಎಲ್ಲ ಆಟಗಳೂ 388ಕ್ಕೇ ಹೋಗುತ್ತಿದ್ದುದರಿಂದ ಆಮೇಲೆ ಬಂದ ಕಾರ್ಡುಗಳೂ ಅದೇ ಬಾಗಿಲಲ್ಲಿ ಓಗೊಡಬೇಕಾಯಿತು. ಹಳೇ ಮನೆ ಬಿದ್ದರೂ ಬಸ್ ನಿಲ್ದಾಣಕ್ಕೆ ಅದರ ಹೆಸರೇ ಉಳಿದ ಹಾಗೆ.

ನಮ್ಮ ಕಂಪ್ಯೂಟರಿನಲ್ಲಿ ಕ್ಯೂಬೇಸಿಕ್ ಇತ್ತು. ಅದರಲ್ಲಿ ಔಟ್ ಎಂಬ ಒಂದು ಆಜ್ಞೆಯಿದೆ. ಔಟ್ ಎಂದು ಬರೆದು ಪೋರ್ಟಿನ ಸಂಖ್ಯೆ, ಕೊಡಬೇಕಾದ ಸಂಖ್ಯೆ ಬರೆದರೆ ಮುಗಿಯಿತು. ಆದರೆ ಏನು ಕೊಡಬೇಕು? ಮೇಷ್ಟ್ರು ತಾಲ್ಲೂಕಿನ ಕಂಪ್ಯೂಟರ್ ಸೆಂಟರಿನಿಂದ ಫ್ಲಾಪಿಯಲ್ಲಿ ಆ ಚಿಪ್ಪಿನ ಬಗೆಗಿನ ಒಂದು ಬರಹ ತಂದರು. ಪೂರ್ತಿ ಇಂಗ್ಲಿಷ್. ಮೊದಲ ಪುಟದಲ್ಲೇ ಈ ಕಾರ್ಡಿನಲ್ಲಿ 244 ರಿಜಿಸ್ಟರ್‌ಗಳಿವೆ ಎಂದಿತ್ತು. ನನಗೆ ಗೊತ್ತಿದ್ದದ್ದು ಒಂದೇ ರಿಜಿಸ್ಟರ್, ಹಾಜರಿ ಪುಸ್ತಕ. ಒಂದು ಚಿಪ್ಪಿನಲ್ಲಿ 244 ಹಾಜರಿ ಪುಸ್ತಕ ಯಾಕೆ ಎಂದು ಇಂಗ್ಲಿಷ್ ಮೇಡಂ ಹತ್ತಿರ ಹೋದೆ. ಅವರು ಕಂಪ್ಯೂಟರ್ ಮುಟ್ಟಿದವರಲ್ಲ. ಬರಹವನ್ನು ಎರಡು ಸಲ ಓದಿ ಹೀಗೆಂದರು: "ನೀನು ಅಂದ್ಕೊಂಡಿದ್ದೇ ಸರಿ ಕಣೋ. ಗೆರೆ ಹಾಕಿದ ಪುಸ್ತಕ. ಒಂದು ಸಾಲಿಗೆ ಎಂಟು ಮನೆ. ಬಂದಿದ್ರೆ ಒಂದು, ಇಲ್ದಿದ್ರೆ ಸೊನ್ನೆ." ಆಮೇಲೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದೆ. ರಿಜಿಸ್ಟರ್ ಎಂದರೇನು ಎಂದು ಅದಕ್ಕಿಂತ ಚೆನ್ನಾಗಿ ಅಲ್ಲಿ ಯಾರೂ ಹೇಳಲಿಲ್ಲ.

ಮುಂದಿನ ಪುಟದಲ್ಲಿ ಇನ್ನೊಂದು ಮಾತಿತ್ತು: ಈ ಪುಸ್ತಕಗಳಲ್ಲಿ ಬರೆಯಬಹುದು, ಓದಲು ಬರುವುದಿಲ್ಲ. ಅಂದರೆ ನೀವು ಏನು ಬರೆದಿರೋ ಅದನ್ನು ಚಿಪ್ ತಿರುಗಿ ಹೇಳುವುದಿಲ್ಲ. ನೀವೇ ಬೇರೆ ಕಡೆ ಬರೆದಿಟ್ಟುಕೊಳ್ಳಬೇಕು. ನಾನು ಹಳೇ ಗಣಿತದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದಿಡುತ್ತಿದ್ದೆ, ಅದಕ್ಕೆ ಗಣಿತದ ಮೇಷ್ಟ್ರಿಂದ ಏಟೂ ತಿಂದೆ.

ಇನ್ನೊಂದು ತೊಡಕು, ಚಿಪ್ ನಿಧಾನ, ಕಂಪ್ಯೂಟರ್ ಚುರುಕು. ಒಂದು ಸಂಖ್ಯೆ ಕೊಟ್ಟ ಮೇಲೆ ಅದನ್ನು ಅರಗಿಸಿಕೊಳ್ಳಲು ಚಿಪ್ಪಿಗೆ 23 ಮೈಕ್ರೊಸೆಕೆಂಡ್ ಬೇಕು. ಅಷ್ಟು ಹೊತ್ತು ಕಾಯುವುದು ಹೇಗೆ? ಒಂದರಿಂದ ನೂರು ಎಣಿಸು ಎಂದರೆ ಒಂದೊಂದು ಕಂಪ್ಯೂಟರ್ ಒಂದೊಂದು ವೇಗದಲ್ಲಿ ಎಣಿಸುತ್ತದೆ. ಅದಕ್ಕೆ ಆಗಿನವರು ಕಂಡುಕೊಂಡ ಉಪಾಯ ಚೆನ್ನಾಗಿದೆ. ಬರೆದಾದ ಮೇಲೆ ಅದೇ 904ರ ಬಾಗಿಲನ್ನು ಸುಮ್ಮನೆ 35 ಸಲ ಓದುವುದು. ಒಳಗಿನ ಕಂಪ್ಯೂಟರ್ ಎಷ್ಟೇ ವೇಗದ್ದಾದರೂ ಕಾರ್ಡಿನವರೆಗೆ ಹೋಗಿ ಬರುವ ದಾರಿಯ ವೇಗ ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ. ಕಾರು ಎಂಥದ್ದಾದರೂ ನಮ್ಮೂರ ಕೆರೆ ಏರಿಯ ಮೇಲೆ ಎಲ್ಲರಿಗೂ ಅದೇ ವೇಗ ತಾನೆ?

ಈಗ 14ನೇ ಆಗಸ್ಟ್ ಕಥೆ. ಕೆಲವರಿಗೆ ಗೊತ್ತು, ಆಗಲೇ ನಗುತ್ತಿದ್ದಾರೆ.

ಸ್ವಾತಂತ್ರ್ಯ ದಿನದ ತಯಾರಿ. ಮೈಕ್ ಸೆಟ್ ತಂದು ಅದೇ ಕೊಠಡಿಯಲ್ಲಿಟ್ಟಿದ್ದರು. ಗಂಟಲು ಒಣಗಿಸಿಕೊಂಡು ಬರೆದಿದ್ದ ನನ್ನ ಪ್ರೋಗ್ರಾಮಿನಿಂದ ದನಿ ಬರುತ್ತದೋ ಇಲ್ಲವೋ ನೋಡಬೇಕಿತ್ತು. ಕಂಪ್ಯೂಟರಿಗೆ ಸ್ಪೀಕರ್ ಇರಲಿಲ್ಲ. ನಾನೂ ನನ್ನ ಗೆಳೆಯನೂ ಕಾರ್ಡಿನ ಹಿಂದಿನ ತೂತಿಗೆ ಮೈಕ್ ಸೆಟ್ಟಿನ ತಂತಿ ಚುಚ್ಚಿದೆವು. ಕೊನೆಯಲ್ಲಿ ಎರಡು ಸಂಖ್ಯೆ ಉಳಿದಿತ್ತು: 160ನೇ ರಿಜಿಸ್ಟರಿಗೆ 68, 176ನೇ ರಿಜಿಸ್ಟರಿಗೆ 50. ಗುಂಡಿ ಒತ್ತಿದೆ.

ದನಿ ಬಂತು. ಧ್ವಜಸ್ತಂಭದ ಹತ್ತಿರ ಕಟ್ಟಿದ್ದ ಎರಡು ಲೌಡ್‌ಸ್ಪೀಕರಿನಿಂದ "ಕೂ" ಎಂದು ಬಂತು. ಬಂದದ್ದು ನಿಲ್ಲಲಿಲ್ಲ. ಪ್ರೋಗ್ರಾಂ ನಿಲ್ಲಿಸಿದೆ, ಕೂಗುತ್ತಲೇ ಇತ್ತು. ಕ್ಯೂಬೇಸಿಕ್ಕಿನಿಂದಲೇ ಹೊರಗೆ ಬಂದೆ, ಕೂಗುತ್ತಲೇ ಇತ್ತು. ಗೆಳೆಯ ಗಾಬರಿಯಲ್ಲಿ ಪರದೆ ಆರಿಸಿದ. ಅದರಿಂದ ಆದದ್ದೆಂದರೆ ನಮಗೆ ಕಣ್ಣೂ ಕಾಣದಾಯಿತು. ಅಷ್ಟರಲ್ಲಿ ಹೆಡ್ ಮೇಷ್ಟ್ರು ಬಾಗಿಲಲ್ಲಿ. "ನಿಲ್ಸೋ ಅದನ್ನ!" ಮೈಕ್ ಸೆಟ್ ಆರಿಸಬಹುದು ಎಂಬ ಬುದ್ಧಿ ಆ ಹೊತ್ತಿನಲ್ಲಿ ಯಾರಿಗೂ ಬರಲಿಲ್ಲ.

ವಿಜ್ಞಾನದ ಮೇಷ್ಟ್ರು ಓಡಿ ಬಂದರು. ಬೈಯಲಿಲ್ಲ. "ಕೊನೇಲಿ ಏನ್ ಬರೆದೆ?" ಎಂದರು.

"ಐವತ್ತು, ಸಾರ್."

"ಐವತ್ತು ಹೆಂಗ್ ಬಂತು?"

ನೋಟ್‌ಬುಕ್ ತೆಗೆದೆ. ಸ್ವರದ ಸಂಖ್ಯೆ 580. ಅದರಲ್ಲಿ ಎರಡು 256, ಮಿಕ್ಕಿದ್ದು 68. ಆ 68 ಮೊದಲ ರಿಜಿಸ್ಟರಿಗೆ ಹೋಯಿತು. ಎರಡನೆಯದಕ್ಕೆ ಆ 2, ನಾಲ್ಕನೇ ಸ್ಥಾಯಿಗೆ 16, ದನಿ ಶುರು ಮಾಡು ಎನ್ನುವುದಕ್ಕೆ 32. ಒಟ್ಟು 50. 580 ಎಂದರೆ ನಾಲ್ಕನೇ ಸ್ಥಾಯಿಯಲ್ಲಿ ಸೆಕೆಂಡಿಗೆ 440 ಕಂಪನ.

"ಹಂಗಾದ್ರೆ ಮೂವತ್ತೆರಡು ಕಳಿ."

ಪರದೆ ಹಚ್ಚಿ, ನಡುಗುವ ಕೈಯಲ್ಲಿ 176ಕ್ಕೆ 18 ಎಂದು ಬರೆದೆ. ದನಿ ನಿಂತಿತು. ಇಡೀ ಶಾಲೆ ಅಷ್ಟು ನಿಶ್ಶಬ್ದವಾದದ್ದನ್ನು ಪರೀಕ್ಷೆಯ ದಿನವೂ ಕೇಳಿರಲಿಲ್ಲ. ಹೆಡ್ ಮೇಷ್ಟ್ರು ಇಬ್ಬರಿಗೂ ಎರಡೆರಡು ಕೊಟ್ಟರು, ಅದು ನ್ಯಾಯವೇ. ಮರುದಿನ ಮೈಕ್ ಸೆಟ್ ಪಕ್ಕದ ಕೊಠಡಿಗೆ ಹೋಯಿತು. ಕಂಪ್ಯೂಟರ್ ಕೊಠಡಿಯ ಬೀಗದ ಕೈ ಮಾತ್ರ ನಮ್ಮಿಂದ ಕಿತ್ತುಕೊಳ್ಳಲಿಲ್ಲ. ಕಿತ್ತುಕೊಂಡಿದ್ದರೆ ನಾನು ಇವತ್ತು ಇಲ್ಲಿ ನಿಂತಿರುತ್ತಿರಲಿಲ್ಲ ಎಂದು ಖಂಡಿತ ಹೇಳಬಲ್ಲೆ.

ಯಾಕೆ ನಿಲ್ಲಲಿಲ್ಲ ಎಂದರೆ, ಪ್ರೋಗ್ರಾಂ ಬೇರೆ, ಚಿಪ್ ಬೇರೆ. ಪ್ರೋಗ್ರಾಂ ಹೇಳಿ ಹೋಗುತ್ತದೆ. ಚಿಪ್ ಹೇಳಿದ್ದನ್ನು ಮಾಡುತ್ತಲೇ ಇರುತ್ತದೆ. ಹೇಳಿದವನು ಸತ್ತರೂ ಅದಕ್ಕೆ ಗೊತ್ತಾಗುವುದಿಲ್ಲ.

ಎಂಜಿನಿಯರಿಂಗ್ ಮೊದಲ ವರ್ಷ ಎರಡು ವಿಷಯದಲ್ಲಿ ಫೇಲಾದೆ. ಕನ್ನಡ ಮಾಧ್ಯಮ, ಅಲ್ಲಿ ಎಲ್ಲ ಇಂಗ್ಲಿಷ್, ಹೇಳಿಕೊಳ್ಳಲು ನಾಚಿಕೆ. ವಾಪಸ್ ಬಂದುಬಿಡಲೇ ಎಂದು ಅಪ್ಪನಿಗೆ ಫೋನ್ ಮಾಡಿದ್ದೂ ಉಂಟು. ಆಮೇಲೆ ಮೈಕ್ರೊಪ್ರೊಸೆಸರ್ ಲ್ಯಾಬ್ ಬಂತು. ಪೋರ್ಟು, ರಿಜಿಸ್ಟರು, ಬರೆ, ಕಾಯಿ, ಓದು. ನಗರದ ಹುಡುಗರು ತಿಣುಕುತ್ತಿದ್ದರು, ನನಗೆ ಅದು ಮನೆಯ ಜಗುಲಿಯಂತಿತ್ತು.

ಈಗ ಮೂರನೇ ಸಾಲಿನವರಿಗೆ ಉತ್ತರ. ನಾನು ಮಾಡುವುದು ಪಂಪ್‌ಸೆಟ್ ಮೋಟಾರಿನ ಕಂಟ್ರೋಲರ್ ಪೆಟ್ಟಿಗೆಯೊಳಗೆ ಕೂರುವ ಪ್ರೋಗ್ರಾಂ. ಅದೂ ಹೀಗೆಯೇ, ರಿಜಿಸ್ಟರಿಗೆ ಸಂಖ್ಯೆ ಬರೆಯುವ ಕೆಲಸ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ ಪರೀಕ್ಷೆಗಿಟ್ಟ ಮೋಟಾರು ಓಡುತ್ತಿರುವಾಗಲೇ ಪ್ರೋಗ್ರಾಂ ನಿಲ್ಲಿಸಿ ಊಟಕ್ಕೆ ಹೋದೆ. ಪ್ರೋಗ್ರಾಂ ನಿಂತಿತ್ತು, ಮೋಟಾರು ನಿಂತಿರಲಿಲ್ಲ. ತೊಟ್ಟಿಯ ನೀರು ಮುಗಿದು ಪಂಪು ಡ್ರೈ ರನ್ ಆಗಿ ಸೀಲ್ ಸುಟ್ಟಿತ್ತು. ಅದು ನಿಮ್ಮ ಬೋರ್‌ವೆಲ್ ಆಗಿದ್ದರೆ ಎಷ್ಟು ಖರ್ಚು ಎಂದು ನನಗಿಂತ ನಿಮಗೆ ಗೊತ್ತು. ಆ ಸುಟ್ಟ ವಾಸನೆಯ ಮುಂದೆ ನಿಂತಾಗ ನನಗೆ ಕೇಳಿಸಿದ್ದು 14ನೇ ಆಗಸ್ಟಿನ "ಕೂ". ತಿಳಿದಿದ್ದ ಪಾಠವನ್ನೇ ಮರೆತಿದ್ದೆ. ಅಂದಿನಿಂದ ನಾನು ಬರೆಯುವ ಯಾವ ಪ್ರೋಗ್ರಾಮಿನಲ್ಲೂ ಮೊದಲ ಸಾಲು ಎಲ್ಲವನ್ನೂ ಆರಿಸುವುದು. ಜೊತೆಗೆ ಪ್ರೋಗ್ರಾಂ ಸತ್ತರೆ ತಾನಾಗಿ ಮೋಟಾರು ಆರಿಸುವ ಬೇರೆಯೇ ಒಂದು ಕಾವಲು ಇರುತ್ತದೆ.

ಹೋದ ವರ್ಷ ಮಹೋತ್ಸವದ ಸಭೆ ಕರೆದಾಗ ಎರಡು ಸುದ್ದಿ ಸಿಕ್ಕವು. ಒಂದು, ಆ ಕಂಪ್ಯೂಟರ್ ಇನ್ನೂ ಸ್ಟೋರ್ ರೂಮಿನಲ್ಲಿದೆ, ಗುಜರಿಗೆ ಹಾಕುತ್ತಾರೆ. ಇನ್ನೊಂದು, ನಮ್ಮ ಗಂಟೆ ಇಲ್ಲ. ಹೊಂಗೆ ಮರಕ್ಕೆ ನೇತುಹಾಕಿದ್ದ ರೈಲು ಕಂಬಿಯ ತುಂಡು ಹೊಸ ಕಟ್ಟಡ ಕಟ್ಟುವಾಗ ಎಲ್ಲಿಗೋ ಹೋಯಿತು. ಈಗ ಇರುವುದು ಕರೆಂಟ್ ಬೆಲ್. ಮಹೋತ್ಸವವನ್ನು ಹಳೇ ಗಂಟೆಯಿಂದಲೇ ಶುರು ಮಾಡಬೇಕಿತ್ತು ಎಂದು ಎಲ್ಲರೂ ಪೇಚಾಡಿದರು. ಕಂಪ್ಯೂಟರನ್ನು ನನಗೆ ಕೊಡಿ, ಗಂಟೆ ಮಾಡಿಕೊಡುತ್ತೇನೆ ಎಂದು ದುಡುಕಿ ಹೇಳಿಬಿಟ್ಟೆ.

ಹಾರ್ಡ್ ಡಿಸ್ಕ್ ಹೋಗಿತ್ತು. ಬ್ಯಾಟರಿ ಸತ್ತು, ಹಚ್ಚಿದಾಗಲೆಲ್ಲ ಇವತ್ತು ಯಾವ ತಾರೀಖು ಎಂದು ಕೇಳುತ್ತದೆ. ಫ್ಲಾಪಿಯಿಂದ ಎಬ್ಬಿಸಿದೆ. ಕಾರ್ಡಿಗೆ ಜೀವ ಇದೆಯೋ ಇಲ್ಲವೋ ನೋಡಲು ಒಂದು ಕ್ರಮವಿದೆ. ಅದರ ದನಿ ನುಡಿಸುವ ಭಾಗಕ್ಕೆ 550ನೇ ಪೋರ್ಟಿನಲ್ಲಿ 1 ಬರೆಯಬೇಕು, ಮೂರು ಮೈಕ್ರೊಸೆಕೆಂಡ್ ಕಾದು 0 ಬರೆಯಬೇಕು, ಆಮೇಲೆ 554ನೇ ಪೋರ್ಟಿನ ಹತ್ತಿರ ಕಿವಿಗೊಟ್ಟು ನಿಲ್ಲಬೇಕು. ಕಾರ್ಡ್ ಸರಿಯಿದ್ದರೆ 170 ಎನ್ನುತ್ತದೆ. ಅದನ್ನು ಎಂಟು ಮನೆಯಲ್ಲಿ ಬರೆದರೆ ಒಂದು ಸೊನ್ನೆ ಒಂದು ಸೊನ್ನೆ ಎಂದು ಸಾಲಾಗಿ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ಪರದೆಯ ಮೇಲೆ 170 ಮೂಡಿತು. ಇಪ್ಪತ್ತು ವರ್ಷದ ಮೇಲೆ ಹಾಜರಿ ಕೂಗಿದರೆ "ಹಾಜರ್ ಸಾರ್" ಎಂದ ಹಾಗೆ. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ಇದಕ್ಕಾ?" ಎಂದು ಮಲಗಿದಳು.

ಗಂಟೆಯನ್ನು ರೆಕಾರ್ಡ್ ಮಾಡಿ ನುಡಿಸೋಣವೆಂದರೆ ಗಂಟೆಯೇ ಇಲ್ಲ. ಹಾಗಾಗಿ ಯಮಹಾ ಚಿಪ್ಪಿನಿಂದ ಕಟ್ಟಬೇಕು. ಅದು ದನಿ ಕಟ್ಟುವ ಬಗೆಯನ್ನು ಕಂಡುಕೊಂಡವರು ಅಮೆರಿಕದ ಸ್ಟ್ಯಾನ್‌ಫರ್ಡಿನ ಜಾನ್ ಚೌನಿಂಗ್, ಅವರೂ ಸಂಗೀತದವರೇ. ಹಾಡುವವರು ಸ್ವರವನ್ನು ತೂಗುತ್ತಾರಲ್ಲ, ಹಾಗೆ ಒಂದು ಸ್ವರವನ್ನು ಯಂತ್ರದಿಂದ ತೂಗಿಸುತ್ತ 1967ರಲ್ಲಿ ಅವರು ತೂಗಾಟದ ವೇಗ ಹೆಚ್ಚಿಸುತ್ತ ಹೋದರು. ಒಂದು ಹಂತ ದಾಟಿದ ಮೇಲೆ ಕಿವಿಗೆ ತೂಗಾಟ ಕೇಳುವುದು ನಿಂತು, ದನಿಯ ಬಣ್ಣವೇ ಬದಲಾಯಿತು. ಒಂದು ಅಲೆಯಿಂದ ಇನ್ನೊಂದು ಅಲೆಯನ್ನು ಅಲುಗಿಸಿ ಕೊಳಲು, ತಮಟೆ, ಗಂಟೆ ಏನು ಬೇಕಾದರೂ ಹುಟ್ಟಿಸಬಹುದೆಂದು ಗೊತ್ತಾಯಿತು. ಅವರ ಲೇಖನ ಅಚ್ಚಾದದ್ದು 1973ರಲ್ಲಿ, ನಮ್ಮ ಶಾಲೆ ಶುರುವಾದ ವರ್ಷವೇ. ಯಮಹಾ ಅದರ ಪರವಾನಗಿ ಪಡೆದು ಚಿಪ್ಪಿಗೆ ಇಳಿಸಿತು. ನಮ್ಮ ಚಿಪ್ಪಿನಲ್ಲಿ ಇಂಥ 9 ದನಿಗಳು, ಒಂದೊಂದಕ್ಕೂ ಎರಡೆರಡು ಅಲೆ.

ಕೊಳಲಿನ ಒಳದನಿಗಳು ಮೂಲ ಸ್ವರದ ಎರಡರಷ್ಟು, ಮೂರರಷ್ಟು ಹೀಗೆ ಲೆಕ್ಕಕ್ಕೆ ಕೂರುತ್ತವೆ. ಕಬ್ಬಿಣದ ತುಂಡಿನವು ಕೂರುವುದಿಲ್ಲ, ಅದಕ್ಕೇ ಅದು ಠಣ್ ಎನ್ನುವುದು. ಆದರೆ ಈ ಚಿಪ್ಪಿಗೆ ಗೊತ್ತಿರುವುದು ಹೆಚ್ಚಾಗಿ ಪೂರ್ಣ ಸಂಖ್ಯೆಗಳೇ. ಆದ್ದರಿಂದ ಅಲುಗಿಸುವ ಅಲೆಗೆ 7, ಕೇಳಿಸುವ ಅಲೆಗೆ 2 ಕೊಟ್ಟೆ. ಏಳನ್ನು ಎರಡರಿಂದ ಭಾಗಿಸಿದರೆ ಮೂರೂವರೆ. ಲೆಕ್ಕಕ್ಕೆ ಕೂರದ ಆ ಅರ್ಧದಲ್ಲೇ ಲೋಹದ ದನಿ ಇದೆ. ಹಾರ್ಮೋನಿಯಂ ಒತ್ತಿರುವಷ್ಟು ಹೊತ್ತು ನುಡಿಯುತ್ತದೆ. ಗಂಟೆ ಹಾಗಲ್ಲ, ಹೊಡೆದ ಕ್ಷಣ ಜೋರು, ಆಮೇಲೆ ಇಳಿಯುತ್ತ ಹೋಗಬೇಕು. ಅದಕ್ಕೂ ರಿಜಿಸ್ಟರಿದೆ. ಒಂದು ದನಿಗೆ ಒಟ್ಟು 13 ಸಂಖ್ಯೆ. ಒಂದು ಠಣ್ಣನ್ನು ರೆಕಾರ್ಡ್ ಮಾಡಿಟ್ಟರೆ, ಐದು ಸೆಕೆಂಡಿಗೆ ಕಡಿಮೆಯೆಂದರೂ ನಲವತ್ತು ಸಾವಿರ ಸಂಖ್ಯೆ ಬೇಕು.

ಎರಡು ವಾರ ಸಂಜೆಗಳನ್ನು ಇದಕ್ಕೇ ಕೊಟ್ಟು, ಕಂಪ್ಯೂಟರನ್ನು ಕಾರಿನಲ್ಲಿಟ್ಟುಕೊಂಡು ಊರಿಗೆ ಬಂದೆ. ಪರೀಕ್ಷಕರು ಯಾರು? ಮೂವತ್ತು ವರ್ಷ ಆ ಗಂಟೆ ಹೊಡೆದ ನಮ್ಮ ಅಟೆಂಡರ್, ನಾವೆಲ್ಲ ಗಂಟೆಯಣ್ಣ ಎನ್ನುತ್ತಿದ್ದವರು. ಅವರ ಮನೆ ಜಗುಲಿಯ ಮೇಲೆ ಇಟ್ಟು ನುಡಿಸಿದೆ. ಕಣ್ಣು ಮುಚ್ಚಿ ಕೇಳಿದರು.

"ಚೆಂದಾಗೈತೆ ಕಣಪ್ಪ. ಆದ್ರೆ ನಮ್ದಲ್ಲ."

"ಯಾಕಣ್ಣ?"

"ಇದು ದೇವಸ್ಥಾನದ್ದು. ನಮ್ದು ಹೊಡುದ್ಮೇಲೆ ಅಲೀತಿತ್ತು. ಊಂ... ಊಂ... ಅಂತ."

ನನಗೆ ಅದು ನೆನಪೇ ಇರಲಿಲ್ಲ. ಅವರು ಹೇಳಿದ ಮೇಲೆ ನೆನಪಾಯಿತು. ಕಂಬಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ತೀರ ಹತ್ತಿರದ ಎರಡು ಸ್ವರ ಒಟ್ಟಿಗೆ ಹೊರಡುತ್ತವೆ. ಅವು ಒಮ್ಮೆ ಕೂಡಿ ಒಮ್ಮೆ ಕಳೆದು ದನಿ ಏರಿಳಿಯುತ್ತದೆ. ವಿಜ್ಞಾನದ ಮೇಷ್ಟ್ರು ಎರಡು ಶ್ರುತಿಕವೆ ಇಟ್ಟು ತೋರಿಸಿದ್ದ ಪಾಠವೇ ಇದು. ಎರಡನೇ ದನಿಯನ್ನೂ ಎಬ್ಬಿಸಿದೆ. ಮೊದಲನೆಯದಕ್ಕೆ ಅದೇ 580, ಎರಡನೆಯದಕ್ಕೆ 582. ಎರಡರ ನಡುವೆ ಸೆಕೆಂಡಿಗೆ ಸುಮಾರು ಮೂರು ಅಲೆ. "ಜಾಸ್ತಿ ಆಯ್ತು, ನಡುಗ್ತೈತೆ" ಎಂದರು. 581 ಮಾಡಿದೆ, ಅಲೆ ಅರ್ಧಕ್ಕಿಳಿಯಿತು. ಮತ್ತೆ ಕಣ್ಣು ಮುಚ್ಚಿದರು. ಮೂರು ಸಲ ಹೊಡೆಸಿದರು. ಆಮೇಲೆ ಒಳಗಿದ್ದ ಅಕ್ಕನಿಗೆ "ಬಾರೆ, ಬೆಲ್ಲಾಯ್ತು" ಎಂದು ಕೂಗಿದರು. ನಿನ್ನೆ ಬೆಳಿಗ್ಗೆ ಬಾವುಟ ಹಾರಿಸುವ ಮುಂಚೆ ನೀವು ಕೇಳಿದ್ದು ಅದೇ. ಗುಂಡಿ ಒತ್ತಿದ್ದು ಗಂಟೆಯಣ್ಣ.

ಒಂದು ಕೋರಿಕೆ ಇದೆ. ಈಗಿನ ಕಂಪ್ಯೂಟರುಗಳು ಯಾವುದೋ ಪ್ರೋಗ್ರಾಂ ನೇರವಾಗಿ ಪೋರ್ಟಿಗೆ ಕೈ ಹಾಕಲು ಬಿಡುವುದಿಲ್ಲ. ಬಿಡಲೂಬಾರದು, ಅದರಲ್ಲಿ ನಿಮ್ಮ ಬ್ಯಾಂಕಿನ ವ್ಯವಹಾರ ಇರುತ್ತದೆ. ಆದರೆ ಡಾಸ್‌ಬಾಕ್ಸ್ ಎಂಬ ಉಚಿತ ಪ್ರೋಗ್ರಾಂ ಇದೆ. ಅದು ಹೊಸ ಕಂಪ್ಯೂಟರಿನೊಳಗೆ ಒಂದು ಹಳೇ ಕಂಪ್ಯೂಟರಿದ್ದಂತೆ, ಈ ಕಾರ್ಡೂ ಸೇರಿ, ನಟಿಸುತ್ತದೆ. 904ಕ್ಕೆ ಬರೆದರೆ ಅಲ್ಲೂ ದನಿ ಬರುತ್ತದೆ. ಶಾಲೆಯ ಲ್ಯಾಬಿನ ಕಂಪ್ಯೂಟರುಗಳಿಗೆ ನಿನ್ನೆ ಸಂಜೆ ಹಾಕಿದ್ದೇನೆ. ರಿಜಿಸ್ಟರುಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ, ತಪ್ಪಿದ್ದರೆ ಇಂಗ್ಲಿಷ್ ಮೇಡಂ ತಿದ್ದುತ್ತಾರೆ. ಶಾಲಾಭಿವೃದ್ಧಿ ಸಮಿತಿಯವರು ವಾರಕ್ಕೆ ಒಂದು ಶನಿವಾರವಾದರೂ ಆ ಬಾಗಿಲು ತೆಗೆದಿಡಬೇಕು. ಹಾಳಾದರೆ ನನಗೆ ಫೋನ್ ಮಾಡಿ, ರಿಪೇರಿ ನನ್ನದು. ಈ ಮಾತನ್ನು ಎಲ್ಲರ ಎದುರು ಹೇಳುತ್ತಿದ್ದೇನೆ, ಆಮೇಲೆ ತಪ್ಪಿಸಿಕೊಳ್ಳಲು ಆಗದಿರಲಿ ಎಂದು.

ಮಕ್ಕಳೇ, ಊಟ ಆದ ಮೇಲೆ ನಾಲ್ಕು ಗಂಟೆಯವರೆಗೆ ಮೂಲೆ ಕೊಠಡಿಯಲ್ಲಿ ಇರುತ್ತೇನೆ. ಚಪ್ಪಲಿ ಹಾಕಿಕೊಂಡೇ ಬನ್ನಿ. ಹೊದಿಕೆ ತೆಗೆದಿದೆ, ಮುಚ್ಚಳವೂ ಬಿಚ್ಚಿದೆ. ಮೈಕ್ ಸೆಟ್ಟಿನ ತಂತಿ ಮಾತ್ರ ಮುಟ್ಟಬೇಡಿ.